ಹೆಂಗಸರ ಗೇಟಿನ ಪೊಟ್ಟಣ

ನಮ್ಮ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ನಿಲ್ಲುತ್ತಿದ್ದ ಕಾವಲಿನಾಕೆಗೆ ಕರುಣೆ ಎಂಬುದು ಇರಲಿಲ್ಲ. ಸಿಟ್ಟಿನಿಂದ ಹೇಳುವ ಮಾತಲ್ಲ ಇದು. ಆಕೆಗೆ ಸಿಟ್ಟೂ ಇರಲಿಲ್ಲ, ಕಷ್ಟವಿದ್ದದ್ದು ಅಲ್ಲೇ. ಸಿಟ್ಟು ಮಾಡಿಕೊಳ್ಳುವವರನ್ನು ಹೇಗಾದರೂ ತಣ್ಣಗೆ ಮಾಡಬಹುದು. ಆಕೆ ಮೊದಲಿನಿಂದಲೇ ತಣ್ಣಗಿದ್ದಳು. ಬಸುರಿಯಾಗಲಿ, ಜ್ವರದವಳಾಗಲಿ, ಅತ್ತೆ ತೀರಿಕೊಂಡ ಸುದ್ದಿ ಬಂದು ಅಳುತ್ತ ಮನೆಗೆ ಓಡುವವಳಾಗಲಿ, ಹಲಗೆ ಹತ್ತಿ ನಿಂತು ಎರಡೂ ಕೈ ಚಾಚಬೇಕು. ಲೋಹ ಹಿಡಿಯುವ ಆಕೆಯ ಕೋಲು ಮೈಸುತ್ತ ಒಂದು ಸುತ್ತು ಬಂದ ಮೇಲೆಯೇ ಹೊರಗೆ ಹೆಜ್ಜೆ. ಅತ್ತೆ ಸತ್ತವಳು "ಇವತ್ತೊಂದಿನ ಬಿಡೇ ತಾಯಿ" ಎಂದು ಗೋಗರೆದಾಗ ಆಕೆ ಹೇಳಿದ್ದು ಇಷ್ಟೇ: "ಕೈ ಚಾಚು. ಬೇಗ ಮುಗಿಯುತ್ತೆ."

ಅದು ವಿದ್ಯುತ್ ಸ್ವಿಚ್ಚುಗಳನ್ನು ಮಾಡುವ ಕಾರ್ಖಾನೆ. ಅದರ ಪರೀಕ್ಷಾ ವಿಭಾಗ ಬಹಳ ವರ್ಷ ನನ್ನ ಕೈಯಲ್ಲಿತ್ತು. ಸ್ವಿಚ್ಚನ್ನು ಒತ್ತಿದಾಗ ಒಳಗೆ ಎರಡು ಚುಕ್ಕೆಗಳು ಒಂದಕ್ಕೊಂದು ತಾಗುತ್ತವೆ. ಒಳ್ಳೆಯ ಸ್ವಿಚ್ಚಿನಲ್ಲಿ ಆ ಚುಕ್ಕೆಗಳು ಬೆಳ್ಳಿಯವು. ಮೆಣಸಿನ ಕಾಳಿಗಿಂತ ಚಿಕ್ಕವು, ಕೆಳಗೊಂದು ಕಾಲಿರುತ್ತದೆ, ಅಣಬೆಯ ಹಾಗೆ. ಉದ್ದನೆಯ ಮೇಜಿನ ಎರಡೂ ಬದಿಗೆ ಕುಳಿತ ಹೆಂಗಸರು ಚಿಮ್ಮಟದಿಂದ ಅವನ್ನು ಒಂದೊಂದಾಗಿ ಎತ್ತಿ ಸ್ವಿಚ್ಚಿನೊಳಗಿನ ಲೋಹದ ಪಟ್ಟಿಯ ತೂತಿಗೆ ಇಳಿಸುತ್ತಿದ್ದರು. ಅವನ್ನು ಎಲ್ಲರೂ ಕರೆಯುತ್ತಿದ್ದದ್ದು 'ಕಾಳು' ಎಂದೇ. ಒಂದು ಕಾಳು ಹೋದರೆ ಯಾರಿಗೂ ತಿಳಿಯದು. ದಿನಕ್ಕೊಂದು ಚಿಟಿಕೆ ಹೋದರೆ ಗೊತ್ತಾಗುತ್ತದೆ, ನಿಧಾನವಾಗಿ.

ಆದ್ದರಿಂದಲೇ ಗೇಟಿನಲ್ಲಿ ತಪಾಸಣೆ. ಯಂತ್ರ ಬರುವ ಮುಂಚೆ ಅದು ಕೈಯಲ್ಲಿ ನಡೆಯುತ್ತಿತ್ತು. ಒಂದು ಹಳೆಯ ಪರದೆ, ಅದರ ಹಿಂದೆ ಒಬ್ಬ ಮುದುಕಿ. ಆ ಮುದುಕಿ ತಡಕುವಾಗ ಬಾಯಿಯನ್ನೂ ಆಡಿಸುತ್ತಿದ್ದಳು: "ಏನೇ, ದಪ್ಪ ಆಗಿದ್ದೀಯಾ? ಏನಾದ್ರೂ ವಿಶೇಷಾನಾ?" ಪರದೆಯಿಂದ ಹೊರಬಂದ ಹೆಂಗಸರು ಬಟ್ಟೆ ಸರಿಮಾಡಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರು. ಮುದುಕಿ ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಬಂದವಳು ಈಕೆ. ಎತ್ತರದ ಆಳು, ಎಲುಬು ಕಾಣುವ ಮುಖ, ದಪ್ಪ ಬೆರಳುಗಳು. ಬಂದ ವಾರವೇ ನೇರವಾಗಿ ಮ್ಯಾನೇಜರರ ಕೋಣೆಗೆ ಹೋದಳು. ಏನೋ ಸಹಿಗಾಗಿ ನಾನೂ ಅಲ್ಲಿದ್ದೆ.

"ಸಾರ್, ಯಂತ್ರ ತರಿಸಿ."

"ಯಾವ ಯಂತ್ರಮ್ಮ?"

"ಲೋಹ ಹಿಡಿಯೋದು. ಕೈಯಲ್ಲಿ ಹಿಡಕೊಂಡು ಆಡಿಸೋದು. ನಾನು ಇನ್ನು ಮುಂದೆ ಯಾರ ಮೈಗೂ ಕೈಹಾಕಲ್ಲ."

"ನೋಡೋಣ, ನೋಡೋಣ."

"ನೋಡೋ ತನಕ ಗಂಡಸರ ಗೇಟಲ್ಲೂ ಇದೇ ಥರ ತಡಕ್ಸಿ. ನಿಮ್ಮಿಂದಾನೇ ಶುರು ಮಾಡ್ಲಿ."

ಮ್ಯಾನೇಜರರ ಕಿವಿ ಕೆಂಪಾಯಿತು. ಯಂತ್ರ ಬಂತು.

ಅದನ್ನು ತಂದ ಮಾರಾಟದವನು ಪೆಟ್ಟಿಗೆ ಬಿಚ್ಚಿ, ಬ್ಯಾಟರಿ ಕೂರಿಸಿ, ಗುಂಡಿಯನ್ನು ಮೇಲಕ್ಕೆ ತಳ್ಳಿದ. ಟಕ್ ಎಂದು ಹಸಿರು ದೀಪ ಹತ್ತಿತು. ಬಟ್ಟೆ ಒಗೆಯುವ ಕೊಡತಿಯಷ್ಟು ಉದ್ದದ, ಕಪ್ಪು ಪ್ಲಾಸ್ಟಿಕ್ಕಿನ ವಸ್ತು. ತನ್ನ ಬೆಲ್ಟಿನ ಬಳಿ ಹಿಡಿದಾಗ ಅದು ಗುಂಯ್ ಎಂದಿತು. ಹೆಂಗಸರೆಲ್ಲ ನಕ್ಕರು. ಅವನು ಅದನ್ನೇ ತನ್ನ ಗೆಲುವೆಂದು ತಿಳಿದು ಹೊರಡಲು ಸಿದ್ಧನಾದ. ಆಕೆ ಬಿಡಲಿಲ್ಲ.

"ಒಂದು ನಿಮಿಷ. ಕಾಲ ಹತ್ತಿರ ಇಳಿಸಿದ್ರೆ ಸುಮ್‌ಸುಮ್ನೆ ಕೂಗುತ್ತಲ್ಲ, ಯಾಕೆ?"

"ಅದು... ಶೂ ಇರಬಹುದು ಮೇಡಂ."

"ನಾನು ಬರಿಗಾಲಲ್ಲಿದ್ದೀನಿ."

ನೆಲದ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಿಗೆ ಅದು ಕೂಗುತ್ತಿದೆ ಎಂದು ನಾನು ಹೇಳಿದೆ. ಮರುದಿನ ಬಡಗಿಯಿಂದ ಒಂದು ದಪ್ಪ ಮರದ ಹಲಗೆ ಬಂತು. ಮೊಳೆ ಹೊಡೆದದ್ದಲ್ಲ, ಬೆಣೆ ಹಾಕಿ ಕೂಡಿಸಿದ್ದು. ಗಿಡ್ಡ ಮಣೆಯ ಹಾಗಿದ್ದ ಅದರ ಮೇಲೆ ನಿಂತರೆ ಪಾದಗಳು ನೆಲದ ಸರಳಿನಿಂದ ದೂರವಾಗುತ್ತಿದ್ದವು.

ಇನ್ನೊಂದು ತೊಡಕಿತ್ತು. ಯಂತ್ರದ ಹಿಡಿಯ ಬುಡದಲ್ಲಿ ಒಂದು ಸಣ್ಣ ತಿರುಪು. ಬಲಕ್ಕೆ ತಿರುಗಿಸಿದಷ್ಟೂ ಕಿವಿ ಚುರುಕು. ಪೂರ್ತಿ ತಿರುಗಿಸಿದರೆ ಒಳಉಡುಪಿನ ಕೊಕ್ಕೆಗೂ ಕೂಗುತ್ತಿತ್ತು. ಕೂಗಿದ ಮೇಲೆ ಕೈಹಾಕಿ ನೋಡಲೇಬೇಕು. ಕಡಿಮೆ ಮಾಡಿದರೆ ಬೆಳ್ಳಿಯೂ ದಾಟಿಹೋಗುತ್ತಿತ್ತು. ಕೊಕ್ಕೆಗೆ ಸುಮ್ಮನಿದ್ದು ಕಾಳಿಗೆ ಕೂಗುವ ಒಂದು ಜಾಗ ನಡುವೆ ಎಲ್ಲೋ ಇತ್ತು, ಬಹಳ ಇಕ್ಕಟ್ಟಿನ ಜಾಗ. ಅದನ್ನು ದಿನಾ ಬೆಳಿಗ್ಗೆ ಹುಡುಕಿಕೊಳ್ಳಲು ಒಂದು ಮಾದರಿ ಬೇಕೆಂದು ಆಕೆ ಕೇಳಿದಳು. ನಮ್ಮ ವಿಭಾಗದಿಂದ ಒಂದು ಚಿಟಿಕೆ ಬೆಳ್ಳಿಕಾಳು ತೂಗಿ ಕೊಟ್ಟೆವು. ಕದಿಯುವವರು ಬರಿಯ ಬೆಳ್ಳಿಯನ್ನು ಒಯ್ಯುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾರೆ ಎಂದು ಆಕೆ ಅದನ್ನು ಹತ್ತಿಯಲ್ಲಿ ಹುದುಗಿಸಿ, ಬಟ್ಟೆಯ ಪೊಟ್ಟಣ ಮಾಡಿ ಹೊಲಿಸಿಕೊಂಡು ಬಂದಳು. ಅಂದಿನಿಂದ ದಿನದ ಮೊದಲ ಕೆಲಸ ಅದೇ. ಹಲಗೆಯ ಮೇಲೆ ಪೊಟ್ಟಣ ಇಟ್ಟು, ಯಂತ್ರವನ್ನು ಅಂಗೈ ಅಗಲದಷ್ಟು ಮೇಲೆ ಹಿಡಿದು, ಪೊಟ್ಟಣಕ್ಕೆ ಸಣ್ಣಗೆ ಗುಂಯ್ ಎನ್ನುವ ತನಕ ತಿರುಪು ತಿರುಗಿಸುವುದು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಪೊಟ್ಟಣ ಆಕೆಯ ಜೇಬಿಗೆ.

ಹೆಂಗಸರು ಆಕೆಗೆ 'ಗುಂಯಮ್ಮ' ಎಂದು ಹೆಸರಿಟ್ಟರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಗುಂಯಮ್ಮ. ಆಕೆಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳಲಿಲ್ಲ.

ಗೇಟಿನ ನಿಯಮವನ್ನು ಆಕೆ ಯಾರಿಗೂ ಸಡಿಲಿಸಲಿಲ್ಲ. ಸಂಜೆ ಗಂಟೆಯಾದ ಮೇಲೆ ಸಾಲು. ಮೈಮೇಲಿನ ಲೋಹವನ್ನೆಲ್ಲ, ಓಲೆ, ಉಂಗುರ, ವಾಚು, ಪಿನ್ನು ಎಲ್ಲವನ್ನೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿ, ಹಲಗೆ ಹತ್ತಬೇಕು. ನಾನೂ ಹತ್ತುತ್ತಿದ್ದೆ. ಕಾಳಿನ ದಾಸ್ತಾನಿಡುವ ಬೆಳ್ಳಿ ಕೋಣೆಯ ಮೇಲ್ವಿಚಾರಕನ ಹೆಂಡತಿ ಒಮ್ಮೆ ಗಂಡನಿಗೆ ಊಟ ಕೊಡಲು ಬಂದವಳು ಹೋಗುವಾಗ ಹಲಗೆ ಹತ್ತಬೇಕಾಯಿತು. ಆಕೆಯ ಮುಖ ಊದಿಕೊಂಡಿತು. ಮೇಲ್ವಿಚಾರಕ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಈಗ ಕಾವಲಿನಾಕೆಯ ತಂಗಿಯ ವಿಷಯ.

ತಾಯಿ ಸತ್ತಾಗ ತಂಗಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಜಡೆ ಹಾಕಿದವಳು ಅಕ್ಕ, ಶಾಲೆಗೆ ಕಳಿಸಿದವಳು ಅಕ್ಕ, ಕೊನೆಗೆ ಇದೇ ಕಾರ್ಖಾನೆಯಲ್ಲಿ ಕಾಳಿನ ಮೇಜಿಗೆ ಸೇರಿಸಿದವಳೂ ಅಕ್ಕ. ಸೇರಿದ ದಿನ ಬಿಳಿ ಕಲ್ಲಿನ ಒಂದು ಜೊತೆ ಓಲೆಯನ್ನೂ ಕೊಡಿಸಿದಳು. ಇಬ್ಬರೂ ರೈಲ್ವೆ ಗೇಟಿನಾಚೆ ಎರಡು ಕೋಣೆಯ ಮನೆಯಲ್ಲಿದ್ದರು. ಕಿಟಕಿಯ ಬಳಿ ತಾಯಿಯ ಕಾಲದ ಹೊಲಿಗೆ ಯಂತ್ರ. ತಂಗಿಯ ಬೆರಳು ಬಲು ನಾಜೂಕು. ಮೇಜಿನಲ್ಲಿ ಎಲ್ಲರಿಗಿಂತ ವೇಗವಾಗಿ ಕಾಳು ಕೂರಿಸುತ್ತಿದ್ದವಳು ಅವಳೇ. ಗುಂಡಗಿನ, ನಗುಮುಖದ ಹುಡುಗಿ. ಅಕ್ಕನಲ್ಲಿ ಇಲ್ಲದ್ದೆಲ್ಲ ತಂಗಿಯಲ್ಲಿತ್ತು ಎಂದು ಜನ ಹೇಳುತ್ತಿದ್ದರು. ನಾನು ಜನರ ಮಾತನ್ನು ಹೆಚ್ಚಾಗಿ ಒಪ್ಪುವವಳಲ್ಲ, ಆದರೆ ಇದನ್ನು ಒಪ್ಪಿದ್ದೆ.

ತಂಗಿ ಸೇರಿದ ಮೊದಲ ವಾರ ಸಾಲಿನಲ್ಲಿ ಗುಸುಗುಸು ಎದ್ದಿತು. ಪ್ಯಾಕಿಂಗ್ ವಿಭಾಗದಲ್ಲೊಬ್ಬಳು ಬಾಯಿಬಡುಕಿ ಇದ್ದಳು. ಅವಳಿಗೆ ಗುಸುಗುಸು ಬರುತ್ತಿರಲಿಲ್ಲ, ಎಲ್ಲವನ್ನೂ ಗಟ್ಟಿಯಾಗಿಯೇ ಹೇಳುತ್ತಿದ್ದಳು.

"ಇನ್ನೇನು ಬಿಡ್ರಮ್ಮ! ಗೇಟಲ್ಲಿ ಅಕ್ಕ, ಬೆಳ್ಳಿ ಮುಂದೆ ತಂಗಿ. ನಾವು ಮಾತ್ರ ಪಿನ್ನು ಬಿಚ್ಚಿ ಸೆರಗು ಹಿಡ್ಕೊಂಡು ನಿಂತಿರೋಣ."

ತಂಗಿ ಹಲಗೆ ಹತ್ತಿದಾಗ ಕಾವಲಿನಾಕೆ ಕೋಲನ್ನು ಒಂದು ಸುತ್ತು ಆಡಿಸಿದಳು. ತಂಗಿ ಇಳಿಯಲು ಕಾಲೆತ್ತಿದಳು.

"ನಿಲ್ಲು."

ಮತ್ತೊಂದು ಸುತ್ತು, ತಲೆಯಿಂದ ಪಾದದವರೆಗೆ. ಎಲ್ಲರೂ ನೋಡುತ್ತಿದ್ದ ಹಾಗೆಯೇ.

"ಮುಂದೆ."

ಅಂದಿನಿಂದ ಅದೇ ಪದ್ಧತಿಯಾಯಿತು. ಕಾರ್ಖಾನೆಯ ಹೆಂಗಸರಿಗೆಲ್ಲ ಒಂದು ಸುತ್ತು, ತಂಗಿಗೆ ಎರಡು. ಗುಸುಗುಸು ನಿಂತಿತು, ತಮಾಷೆ ಶುರುವಾಯಿತು.

"ಏನೇ, ನಿಮ್ಮಕ್ಕ ಮನೇಲೂ ಕೋಲು ಆಡಿಸ್ತಾಳಾ?" ಎಂದು ಬಾಯಿಬಡುಕಿ ಕೇಳುವಳು. "ಮಲಗೋಕೆ ಮುಂಚೆ ಒಂದ್ಸಲ, ಎದ್ದ ಮೇಲೊಂದ್ಸಲ?"

"ಅಷ್ಟೇ ಆಗಿದ್ರೆ ಚೆನ್ನಾಗಿತ್ತು. ಕನಸಲ್ಲೂ ಗುಂಯ್ ಅನ್ನುತ್ತೆ," ಎಂದು ತಂಗಿ ನಗುವಳು. ಅವಳ ಆ ನಗುವನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಅಕ್ಕನಿಗೆ ಹೊರಗೆ ಮಾತಿಲ್ಲದಿದ್ದರೂ ಮನೆಯಲ್ಲಿತ್ತಂತೆ. ಊಟಕ್ಕೆ ಕೂತಾಗ ಆಡುತ್ತಿದ್ದದ್ದು ಒಂದೇ ವಿಷಯ, ಆ ಯಂತ್ರ. ಯಾವುದಕ್ಕೆ ಜೋರಾಗಿ ಕೂಗುತ್ತದೆ, ಯಾವುದಕ್ಕೆ ಮೆಲ್ಲಗೆ. ಒಂದು ಹಿಡಿ ಗುಂಡುಪಿನ್ನಿಗೆ ಮುಲುಗುವ ಯಂತ್ರ ಒಂದೇ ಒಂದು ಬಿಲ್ಲೆ ನಾಣ್ಯಕ್ಕೆ ಹೇಗೆ ಅರಚುತ್ತದೆ. ತಂಗಿ ಕೇಳಿಸಿಕೊಳ್ಳುತ್ತಿದ್ದಳು. ಪೊಟ್ಟಣದ ಬಟ್ಟೆ ಬೆವರು ಎಣ್ಣೆಯಿಂದ ಕೊಳೆಯಾದಾಗ ಅದನ್ನು ಬಿಚ್ಚಿ ಹೊಸ ಬಟ್ಟೆ ಹಾಕಿ ಹೊಲಿಯುತ್ತಿದ್ದವಳೂ ತಂಗಿಯೇ. ಅಕ್ಕನ ದಪ್ಪ ಬೆರಳಿಗೆ ಅಷ್ಟು ಸಣ್ಣ ಹೊಲಿಗೆ ಬರುತ್ತಿರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ನಮ್ಮ ಮಟ್ಟಿಗೆ ಪೊಟ್ಟಣವೆಂದರೆ ಕಾವಲಿನಾಕೆಯ ಜೇಬಿನಲ್ಲಿರುವ ಒಂದು ವಸ್ತು, ಅಷ್ಟೇ.

ಒಂದು ಬೆಳಿಗ್ಗೆ ನಾನು ಒಳಗೆ ಬರುವಾಗ ಆಕೆ ತಿರುಪು ತಿರುಗಿಸುತ್ತ ಹುಬ್ಬು ಗಂಟಿಕ್ಕಿದ್ದಳು. ಪೊಟ್ಟಣಕ್ಕೆ ಹೊಸ ನೀಲಿ ಬಟ್ಟೆ. ಯಂತ್ರ ಅದನ್ನು ಮೊಳದಷ್ಟು ದೂರದಿಂದಲೇ ಹಿಡಿದು ಅರಚುತ್ತಿತ್ತು.

"ನಿನ್ನೆ ಬ್ಯಾಟರಿ ಬದಲಾಯಿಸಿದೆ ಮೇಡಂ. ಮೈಯಲ್ಲಿ ಶಕ್ತಿ ಬಂದುಬಿಟ್ಟಿದೆ ಇದಕ್ಕೆ," ಎಂದಳು. ತಿರುಪನ್ನು ಎಡಕ್ಕೆ ತಿರುಗಿಸುತ್ತ ಬಂದಳು. ಅಂಗೈ ಅಗಲದ ದೂರದಲ್ಲಿ ಸಣ್ಣಗೆ ಗುಂಯ್ ಎಂದಾಗ ನಿಲ್ಲಿಸಿದಳು. ಪೊಟ್ಟಣ ಜೇಬಿಗೆ ಹೋಯಿತು.

ಆಮೇಲಿನ ದಿನಗಳಲ್ಲಿ ಸಾಲು ಬೇಗ ಬೇಗ ಸಾಗತೊಡಗಿತು. ತಟ್ಟೆಗೆ ಹಾಕಲು ಮರೆತ ಒಂದು ಪಿನ್ನಿಗೆ ಯಂತ್ರ ಸುಮ್ಮನಿತ್ತೆಂದು ಬಾಯಿಬಡುಕಿ ಸಂತೋಷಪಟ್ಟಳು. "ಗುಂಯಮ್ಮಂಗೆ ವಯಸ್ಸಾಯ್ತು ಕಣ್ರೇ, ಕಿವಿ ಮಂದ ಆಗಿದೆ," ಎಂದಳು. ಅವಳು ಹೇಳಿದ್ದು ಕಾವಲಿನಾಕೆಗೋ ಯಂತ್ರಕ್ಕೋ, ಎಲ್ಲರೂ ನಕ್ಕರು.

ನಮ್ಮಲ್ಲಿ ತೂಕ ತಪ್ಪತೊಡಗಿತು. ಕೋಣೆಯಿಂದ ಹೋದ ಬೆಳ್ಳಿಗೂ ಸ್ವಿಚ್ಚಿನಲ್ಲಿ ಕೂತ ಬೆಳ್ಳಿಗೂ ಹೊಂದುತ್ತಿರಲಿಲ್ಲ. ಮೊದಲು ತಕ್ಕಡಿಯನ್ನು ಸಂಶಯಿಸಿದೆವು, ಆಮೇಲೆ ಚೂರುಪಾರನ್ನು. ಕೊನೆಗೆ ಸಂಶಯ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು.

ಮ್ಯಾನೇಜರರ ಕೋಣೆಯಲ್ಲಿ ವಿಚಾರಣೆ. ಮ್ಯಾನೇಜರರು, ಬೆಳ್ಳಿ ಕೋಣೆಯ ಮೇಲ್ವಿಚಾರಕ, ನಾನು. ಎದುರಿಗೆ ಕಾವಲಿನಾಕೆ, ಯಂತ್ರವನ್ನು ಎದೆಗವಚಿಕೊಂಡು ನಿಂತಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಮೇಲ್ವಿಚಾರಕ ಬಹಳ ದಿನ ಕಾದಿದ್ದವನ ಹಾಗೆ ಶುರುಮಾಡಿದ. "ಬೆಳ್ಳಿಗೇನು ರೆಕ್ಕೆ ಇಲ್ಲ ಸಾರ್. ಕಾಳಿನ ಮೇಜಲ್ಲಿರೋರೆಲ್ಲ ಹೆಂಗಸರು, ಹೊರಗೆ ಹೋಗೋದು ಒಂದೇ ಗೇಟು. ಒಂದೋ ಯಂತ್ರ ಕೆಟ್ಟಿದೆ, ಇಲ್ಲಾ ಯಂತ್ರ ಹಿಡಕೊಂಡೋರು ಕೆಟ್ಟಿದ್ದಾರೆ."

"ಯಂತ್ರ ಕೆಟ್ಟಿಲ್ಲ," ಎಂದಳು ಆಕೆ.

"ಹಾಗಾದ್ರೆ?"

"ನಾನೂ ಕೆಟ್ಟಿಲ್ಲ."

"ಮೂರನೇದು ಯಾವುದಿದೆಯಮ್ಮ? ನೀನೇ ಹೇಳು."

ಮ್ಯಾನೇಜರರು ಹಣೆ ಒರೆಸಿಕೊಂಡರು. ಮೆತ್ತಗಿನ ಮನುಷ್ಯ; ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. "ನೋಡಮ್ಮ, ಇದು ತೀರ್ಮಾನ ಆಗದೆ ಇದ್ರೆ ನಿನ್ನನ್ನು ಇಟ್ಟುಕೊಳ್ಳೋದು ಕಷ್ಟ. ಪೊಲೀಸಿಗೂ ಹೇಳಬೇಕಾಗುತ್ತೆ. ಗೇಟು ನಿಂದು."

"ಹೌದು ಸಾರ್. ಗೇಟು ನಂದು."

ಆಕೆಯ ಬಳಿ ಇದ್ದದ್ದು ಆ ಗೇಟಿನ ಹೆಸರೊಂದೇ. ನಗು, ಗೆಳತಿಯರು, ಸಾಲಿನವರ ಪ್ರೀತಿ, ಯಾವುದನ್ನೂ ಆಕೆ ಇಟ್ಟುಕೊಂಡಿರಲಿಲ್ಲ. ಎಲ್ಲವನ್ನೂ ಕೊಟ್ಟು ಕೊಂಡದ್ದು ಅದೊಂದು ಮಾತನ್ನು: ಗುಂಯಮ್ಮನ ಗೇಟಿನಲ್ಲಿ ಕಾಳು ದಾಟುವುದಿಲ್ಲ. ಅದೀಗ ಮೇಜಿನ ಮೇಲೆ ಬಿದ್ದಿತ್ತು.

ಆಕೆ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಗುಂಡಿ ತಳ್ಳಿ, ಯಂತ್ರವನ್ನು ಅಂಗೈ ಅಗಲದಷ್ಟು ಮೇಲೆ ಹಿಡಿದಳು. ಗುಂಯ್.

"ಇದರಲ್ಲಿರೋದು ಒಂದು ಚಿಟಿಕೆ ಕಾಳು. ಮೇಡಂ ಅವರೇ ತೂಗಿ ಕೊಟ್ಟಿದ್ದು. ಇಷ್ಟಕ್ಕೆ ಕೂಗುತ್ತೆ ಅಂದ್ಮೇಲೆ ಯಾರೇ ಇಷ್ಟು ತಗೊಂಡು ಹೋದ್ರೂ ಕೂಗಲೇಬೇಕು."

ಮೇಲ್ವಿಚಾರಕ ಎದ್ದು ಹೋಗಿ ಬೆಳ್ಳಿ ಕೋಣೆಯಿಂದ ಅಷ್ಟೇ ಕಾಳು ತಂದ. ಕರವಸ್ತ್ರದಲ್ಲಿ ಕಟ್ಟಿ ಮೇಜಿನ ಮೇಲೆ ಇಟ್ಟ. "ಆಡಿಸು."

ಆಡಿಸಿದಳು. ಯಂತ್ರ ಸುಮ್ಮನಿತ್ತು. ಇನ್ನೂ ಹತ್ತಿರಕ್ಕೆ ತಂದಳು. ಸುಮ್ಮನಿತ್ತು. ಕರವಸ್ತ್ರಕ್ಕೆ ತಾಗಿಸಿದಳು. ಕೂಗಲಿಲ್ಲ. ಪೊಟ್ಟಣದ ಮೇಲೆ ಹಿಡಿದಳು: ಗುಂಯ್. ಮತ್ತೆ ಕರವಸ್ತ್ರ. ಮೌನ.

"ನೋಡಿದ್ರಾ ಸಾರ್?" ಎಂದ ಮೇಲ್ವಿಚಾರಕ. "ತನ್ನ ಪೊಟ್ಟಣಕ್ಕೆ ಮಾತ್ರ ಮಾತಾಡೋ ಹಾಗೆ ಸಾಕಿದ್ದಾಳೆ."

ಆಕೆ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು. "ಮೇಡಂ, ಕತ್ತರಿ ಕೊಡಿ."

ಮೇಜಿನ ಮೇಲಿದ್ದ ಕತ್ತರಿಯನ್ನು ಕೊಟ್ಟೆ. ನೀಲಿ ಬಟ್ಟೆಯ ಅಂಚಿನ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು, ಸಾಲಾಗಿತ್ತು. ಆಕೆ ಅದನ್ನು ಒಂದೊಂದಾಗಿ ಕತ್ತರಿಸುತ್ತ ಬಂದಳು. ಆತುರವಿರಲಿಲ್ಲ, ತನ್ನ ನಿರಪರಾಧಿತ್ವವನ್ನು ಬಿಚ್ಚಿ ತೋರಿಸುತ್ತಿದ್ದೇನೆ ಎಂಬ ಧೈರ್ಯವಿತ್ತು. ಹತ್ತಿ ಉಬ್ಬಿ ಹೊರಬಂತು. ಅದನ್ನು ಬೆರಳಲ್ಲಿ ಬಿಡಿಸಿದಳು. ಒಳಗಿನಿಂದ ಒಂದು ಹಿತ್ತಾಳೆ ಬಿಲ್ಲೆ ಜಾರಿ, ಮೇಜಿನ ಮೇಲೆ ಉರುಳಿ, ಮ್ಯಾನೇಜರರ ಚಹಾದ ಲೋಟಕ್ಕೆ ತಾಗಿ ಮಲಗಿತು. ಒಂದೇ ಒಂದು ಬಿಲ್ಲೆ. ಕಾಳು ಒಂದೂ ಇರಲಿಲ್ಲ.

ಬಿಲ್ಲೆಯನ್ನು ತೆಗೆದುಕೊಂಡು ನೋಡಿದೆ. ಸ್ವಿಚ್ಚಿನ ತಳಕ್ಕೆ ಹಾಕುವಂಥದು, ಹಳೆಯ ಸ್ವಿಚ್ಚೊಂದನ್ನು ಬಿಚ್ಚಿದರೆ ಯಾರಿಗೂ ಸಿಗುವಂಥದು. ಅಂಚನ್ನು ಅರದಿಂದ ಸ್ವಲ್ಪ ಉಜ್ಜಿದ್ದರು. ಅಂಗೈಯಲ್ಲಿ ತೂಗಿದರೆ ನಾವು ಕೊಟ್ಟ ಕಾಳಿನದೇ ಭಾರ. ಮ್ಯಾನೇಜರರಿಗೆ ವಿವರಿಸಿದೆ: ಕಾಳುಗಳು ಬಿಡಿಬಿಡಿ, ಒಂದೊಂದೂ ಯಂತ್ರಕ್ಕೆ ಪಿಸುಮಾತಿನ ಹಾಗೆ, ಅದೇ ತೂಕದ ಲೋಹ ಅಗಲವಾದ ಒಂದೇ ಬಿಲ್ಲೆಯಾದರೆ ಕಿರುಚಿದ ಹಾಗೆ. ಕಿರುಚಿದ್ದಕ್ಕೆ ಹೊಂದಿಸಿದ ಕಿವಿಗೆ ಪಿಸುಮಾತು ಕೇಳದು. ಪ್ರತಿದಿನ ಬೆಳಿಗ್ಗೆ ಆಕೆ ತನ್ನ ಕೈಯಾರೆ ಯಂತ್ರವನ್ನು ಕಿವುಡು ಮಾಡುತ್ತಿದ್ದಳು. ಪೊಟ್ಟಣದಿಂದ ಯಂತ್ರವನ್ನು ಪರೀಕ್ಷಿಸಿದವಳು ಪೊಟ್ಟಣವನ್ನು ಯಾವುದರಿಂದ ಪರೀಕ್ಷಿಸಬೇಕಿತ್ತು?

"ಇದನ್ನ ಹೊಲಿದೋರು ಯಾರು?" ಎಂದರು ಮ್ಯಾನೇಜರರು.

ಆಕೆಯ ಕೈಯಲ್ಲಿ ಕತ್ತರಿಸಿದ ನೀಲಿ ಬಟ್ಟೆಯಿತ್ತು. ಅದರ ಮೇಲಿನ ಸಣ್ಣ ಹೊಲಿಗೆಯನ್ನು ನೋಡುತ್ತಿದ್ದಳು. ಆ ಉತ್ತರ ಆ ಕೋಣೆಯಲ್ಲಿ ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ಜೇಬಿನಿಂದ ಯಾರೋ ಬದಲಾಯಿಸಿರಬೇಕು ಎಂದಿದ್ದರೆ ಅಲ್ಲಗಳೆಯುವವರಿರಲಿಲ್ಲ. ಅನುಮಾನ ಇಡೀ ಕಾರ್ಖಾನೆಯ ಮೇಲೆ ಹಂಚಿಹೋಗುತ್ತಿತ್ತು. ನಾನೇ ಎಂದಿದ್ದರೆ ಅದೂ ಮುಗಿಯುತ್ತಿತ್ತು. ಕಾದೆವು.

"ನನ್ನ ತಂಗಿ," ಎಂದಳು.

'ಮುಂದೆ' ಎನ್ನುವ ದನಿಯಲ್ಲೇ ಹೇಳಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನನ್ನ ತೀರ್ಪು ಅಲ್ಲಿಗೆ ಗಟ್ಟಿಯಾಯಿತು. ಸಾಕಿದ ಕೈಯೇ ಹೀಗೆ ತೋರಿಸಿಕೊಡಬಲ್ಲದಾದರೆ ಆ ಎದೆಯಲ್ಲಿ ಇರುವುದೇನು ಎಂದುಕೊಂಡೆ.

ತಂಗಿಯನ್ನು ಕರೆಸಿದರು. ಮೇಲಂಗಿಗೆ ಕೈ ಒರೆಸಿಕೊಳ್ಳುತ್ತ ನಗುಮುಖದಲ್ಲೇ ಬಂದಳು. ಮೇಜಿನ ಮೇಲಿನ ಹತ್ತಿ, ಬಿಲ್ಲೆ, ನೀಲಿ ಬಟ್ಟೆ ಕಂಡವು. ನಗು ಮುಖದ ಮೇಲೆಯೇ ಸ್ವಲ್ಪ ಹೊತ್ತು ಉಳಿಯಿತು, ಯಾರೋ ಮರೆತು ಹೋದ ವಸ್ತುವಿನ ಹಾಗೆ.

"ಅಕ್ಕ ಹೇಳಿದ್ಲಾ?" ಎಂದು ಮ್ಯಾನೇಜರರನ್ನು ಕೇಳಿದಳು.

"ನಾನೇ ಹೇಳಿದೆ," ಎಂದಳು ಅಕ್ಕ. "ಯಾವತ್ತಿಂದ?"

"ನೀಲಿ ಬಟ್ಟೆ ಹಾಕಿದಾಗಿಂದ."

"ಆ ಬಟ್ಟೆ ನಾನೇ ಕತ್ತರಿಸಿ ಕೊಟ್ಟಿದ್ದು. ನನ್ನ ಹಳೇ ಸಮವಸ್ತ್ರದ್ದು."

"ಗೊತ್ತು."

"ಊಟಕ್ಕೆ ಕೂತಾಗ ಕೇಳ್ತಿದ್ದೆಯಲ್ಲ, ಬಿಲ್ಲೆಗೆ ಯಾಕೆ ಜೋರು, ಪಿನ್ನಿಗೆ ಯಾಕೆ ಮೆಲ್ಲಗೆ ಅಂತ. ನನ್ನ ಮಾತು ಕೇಳೋರು ಒಬ್ಬರಾದ್ರೂ ಇದ್ದಾರೆ ಅಂದ್ಕೊಂಡಿದ್ದೆ."

ಮ್ಯಾನೇಜರರು ಕೆಮ್ಮಿ, "ಯಾಕಮ್ಮ ಹೀಗೆ ಮಾಡಿದೆ? ನಿಮ್ಮಕ್ಕ ನಿನ್ನನ್ನು ಎಷ್ಟು ಕಷ್ಟಪಟ್ಟು..." ಎಂದು ಶುರುಮಾಡಿದರು.

"ಬೆಳ್ಳಿ ಮಾರಿ ಒಂದು ಹೊಲಿಗೆ ಅಂಗಡಿ ಇಡೋಣ ಅಂತಿದ್ದೆ ಸಾರ್. ಯಾರೂ ಕೈ ಚಾಚು ಅನ್ನದ ಕಡೆ ಹೋಗಿ ಕೂತ್ಕೋಬೇಕು ಅಂತ." ಆಮೇಲೆ ಅಕ್ಕನ ಕಡೆ ತಿರುಗಿದಳು. "ಎಲ್ಲರನ್ನೂ ಒಂದು ಸಲ ನೋಡ್ತಿದ್ದೆ, ನನ್ನನ್ನ ಮಾತ್ರ ಎರಡು ಸಲ. ದಿನಾ. ಎಲ್ಲರ ಮುಂದೆ. ಏನೂ ಕದೀದೇ ದಿನಾ ಕಳ್ಳಿ ಆಗಿ ನಿಂತಿದ್ದೀನಿ ನಿನ್ನ ಹಲಗೆ ಮೇಲೆ."

"ನಿನ್ನ ಹೆಸರು ಕೆಡಬಾರ್ದು ಅಂತ ಮಾಡಿದ್ದು."

"ನನ್ನ ಹೆಸರಲ್ಲ ಅಕ್ಕ. ನಿಂದು."

ಅಕ್ಕ ಹತ್ತಿಯನ್ನೆಲ್ಲ ಒಟ್ಟುಮಾಡಿ, ಬಟ್ಟೆಯೊಳಗೆ ತುರುಕಿ, ಬಿಲ್ಲೆಯನ್ನು ನನ್ನ ಮುಂದೆ ಸರಿಸಿದಳು. ತಂಗಿಯ ಮಾತಿನಲ್ಲಿ ನಿಜವಿತ್ತೆಂದು ನಾನು ಒಪ್ಪುತ್ತೇನೆ. ಆದರೆ ನಿಜ ಹೇಳಿದ ಮಾತ್ರಕ್ಕೆ ಕದ್ದದ್ದು ಕದ್ದದ್ದಲ್ಲದೆ ಹೋಗುವುದಿಲ್ಲ. ತನಗಾದ ಅವಮಾನಕ್ಕೆ ಅವಳು ಮುಖಾಮುಖಿ ಜಗಳವಾಡಬಹುದಿತ್ತು. ಅದರ ಬದಲು ನಗುತ್ತ, ಅಕ್ಕ ಬಡಿಸಿದ ಊಟ ಉಣ್ಣುತ್ತ, ಅಕ್ಕ ಕೊಟ್ಟ ಬಟ್ಟೆಯಲ್ಲೇ ಬಿಲ್ಲೆಯಿಟ್ಟು ಹೊಲಿದಳು. ಕಳ್ಳಿ ಸಿಗದೆ ಹೋಗಿದ್ದರೆ ಜೈಲಿಗೆ ಮೊದಲು ಹೋಗುತ್ತಿದ್ದವಳು ಗೇಟಿನಾಕೆ. ಅದು ತಂಗಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ಮ್ಯಾನೇಜರರು ಪೊಲೀಸಿಗೆ ಹೇಳುವುದಿಲ್ಲವೆಂದೂ ತಂಗಿ ಅಂದೇ ಕೆಲಸ ಬಿಡಬೇಕೆಂದೂ ತೀರ್ಮಾನಿಸಿದರು. ಕಾವಲಿನಾಕೆಯ ಮೇಲಿನ ಅನುಮಾನ ತೀರಿತು. "ಇವತ್ತು ಗೇಟಿಗೆ ಬೇರೆಯವರನ್ನು ಹಾಕ್ತೀನಿ, ನೀನು ಮನೆಗೆ ಹೋಗಮ್ಮ," ಎಂದರು.

"ಬೇಡ ಸಾರ್. ಗೇಟು ನಂದು."

ನಮ್ಮ ವಿಭಾಗಕ್ಕೆ ಬಂದು ಹೊಸದಾಗಿ ಒಂದು ಚಿಟಿಕೆ ಕಾಳು ತೂಗಿಸಿಕೊಂಡಳು. ತೆಳ್ಳನೆಯ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿದಳು. ಅದನ್ನು ನನ್ನ ಮೇಜಿನ ಮೇಲೆಯೇ ಇಟ್ಟು ಯಂತ್ರದ ತಿರುಪನ್ನು ಬಲಕ್ಕೆ ತಿರುಗಿಸಿದಳು, ಸಣ್ಣಗೆ ಗುಂಯ್ ಎನ್ನುವ ತನಕ.

ಸುದ್ದಿ ಆಗಲೇ ಕಾರ್ಖಾನೆಯ ತುಂಬ ಹರಡಿತ್ತು. ಸಂಜೆಯ ಗಂಟೆಯಾದಾಗ ಯಾವತ್ತೂ ನುಗ್ಗುವ ಸಾಲು ಅಂದು ಹಿಂದೆ ಹಿಂದೆಯೇ ಸರಿಯುತ್ತಿತ್ತು, ಎಲ್ಲರಿಗೂ ನೋಡಬೇಕಿತ್ತು. ತಂಗಿ ಸಾಲಿನಲ್ಲಿ ನಿಂತಿದ್ದಳು, ತೋಳಿನಲ್ಲಿ ಮಡಿಚಿದ ಮೇಲಂಗಿ. ಅವಳ ಹಿಂದೆ ನಾನು. ನನ್ನ ಹಿಂದೆ ಬಾಯಿಬಡುಕಿ, ಅಂದೊಂದು ದಿನ ಬಾಯಿ ಮುಚ್ಚಿಕೊಂಡು.

"ಎಷ್ಟು ಸುತ್ತು ಆಡಿಸ್ತಾಳೋ ಇವತ್ತು," ಎಂದು ಇನ್ಯಾರೋ ಪಿಸುಗುಟ್ಟಿದರು.

ತಂಗಿಯ ಸರದಿ ಬಂತು. ಅವಳು ತಟ್ಟೆಯ ಕಡೆ ನೋಡಲಿಲ್ಲ, ಓಲೆಯನ್ನು ಬಿಚ್ಚಲಿಲ್ಲ. ಬಿಚ್ಚಿದರೆ ಅದನ್ನು ಅಲ್ಲೇ ಬಿಟ್ಟು ಹೋಗಬೇಕಾದೀತು ಎಂದುಕೊಂಡಳೋ, ಹಟವೋ ತಿಳಿಯದು. ನೇರವಾಗಿ ಹಲಗೆ ಹತ್ತಿ, ಎರಡೂ ಕೈ ಚಾಚಿ, ಅಕ್ಕನ ತಲೆಯ ಮೇಲಿಂದ ಬೀದಿಯನ್ನು ನೋಡುತ್ತ ನಿಂತಳು. ಕಾವಲಿನಾಕೆ ಯಾವತ್ತೂ ಹೇಳುವ 'ಓಲೆ ಬಿಚ್ಚು' ಎಂಬ ಮಾತನ್ನು ಹೇಳಲಿಲ್ಲ. ಕೋಲನ್ನು ಎತ್ತಿ ಭುಜದಿಂದ ಶುರುಮಾಡಿದಳು. ತೋಳಿನ ಮೇಲೆ, ತೋಳಿನ ಕೆಳಗೆ. ಬೆನ್ನು. ಮಡಿಚಿದ ಮೇಲಂಗಿ. ಸೊಂಟ, ಕಾಲು, ಪಾದ. ಎಂದಿನ ನಿಧಾನದಲ್ಲಿ, ಎಂದಿನ ದೂರದಲ್ಲಿ. ಆಮೇಲೆ ಕುತ್ತಿಗೆ, ಎಡಗಿವಿ, ಬಲಗಿವಿ.

ಕಿವಿಯಲ್ಲಿ ಬಿಳಿ ಕಲ್ಲಿನ ಓಲೆ ಹೊಳೆಯುತ್ತಿತ್ತು. ಕೋಲು ಅದರ ಪಕ್ಕದಲ್ಲೇ ಸಾಗಿತು. ಸದ್ದಿಲ್ಲ.

ನಾನು ಆಕೆಯ ಕೈಯ ಕಡೆ ನೋಡಿದೆ. ಹೆಬ್ಬೆರಳು ಗುಂಡಿಯ ಮೇಲಿತ್ತು. ಗುಂಡಿ ಕೆಳಗಿತ್ತು. ಹಸಿರು ದೀಪ ಹತ್ತಿರಲಿಲ್ಲ.

"ಮುಂದೆ," ಎಂದಳು. ಎರಡನೆಯ ಸುತ್ತು ಆಡಿಸಲಿಲ್ಲ.

ತಂಗಿ ಒಂದು ಗಳಿಗೆ ಹಾಗೆಯೇ ನಿಂತಿದ್ದಳು, 'ನಿಲ್ಲು' ಎಂಬ ಮಾತಿಗೆ ಕಾಯುವವಳ ಹಾಗೆ. ಆಮೇಲೆ ಕೈ ಇಳಿಸಿ, ಹಲಗೆಯಿಂದಿಳಿದು, ಮೇಲಂಗಿಯನ್ನು ಎದೆಗವಚಿಕೊಂಡು ಬೀದಿಗೆ ಹೋದಳು.

ನಾನು ಹಲಗೆ ಹತ್ತಿದೆ. ಹೆಬ್ಬೆರಳು ಗುಂಡಿಯನ್ನು ಮೇಲಕ್ಕೆ ತಳ್ಳಿತು. ಟಕ್. ಕೋಲು ನನ್ನ ಮಣಿಕಟ್ಟಿನ ಬಳಿ ಬಂದಾಗ ಗುಂಯ್ ಎಂದು ಅರಚಿತು.

"ಮೇಡಂ, ವಾಚು," ಎಂದಳು. "ತಟ್ಟೆಗೆ ಹಾಕಿ."